ನರಕೋಶದ ಸಂಕೇತ ಎಲ್ಲಾ ಕಡೆ ಒಂದೇ ಥರ, ಹಾಗಾದರೆ ನೋವು, ಹಸಿವು, ಆಸೆ ಬೇರೆ ಬೇರೆ ಆಗುವುದು ಹೇಗೆ?

ಹೊಸಓದು:

ಬಿಎಸ್ಸಿ ಎರಡನೇ ವರ್ಷ. ನರಮಂಡಲದ ಪಾಠ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನರಕೋಶದ ಸಂಕೇತ ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ಬರುವುದೇ ಇಲ್ಲ, ಅರ್ಧಂಬರ್ಧ ಅನ್ನುವುದು ಇಲ್ಲ ಎಂದು ಪುಸ್ತಕದಲ್ಲಿದೆ. ಕಣ್ಣಿನಿಂದ ಬಂದರೂ ಅದೇ, ಹೊಟ್ಟೆಯಿಂದ ಬಂದರೂ ಅದೇ. ಹಾಗಿದ್ದ ಮೇಲೆ ಬೆಳಕು ಬೆಳಕಾಗಿ, ನೋವು ನೋವಾಗಿ ಹೇಗೆ ಗೊತ್ತಾಗುತ್ತದೆ? ವಿಡಿಯೋಗಳಲ್ಲಿ ನೋಡಿದರೆ ಡೋಪಮಿನ್ ಅಂದರೆ ಖುಷಿ, ಸೆರೊಟೋನಿನ್ ಅಂದರೆ ನೆಮ್ಮದಿ, ಆಕ್ಸಿಟೋಸಿನ್ ಅಂದರೆ ಪ್ರೀತಿ ಅನ್ನುತ್ತಾರೆ. ಅಂದರೆ ಒಂದೊಂದು ಭಾವನೆಗೆ ಒಂದೊಂದು ರಾಸಾಯನಿಕವಾ? ಪರೀಕ್ಷೆಯಲ್ಲಿ ಬರೆಯುವಷ್ಟು ಉತ್ತರ ನನ್ನ ಹತ್ತಿರ ಇದೆ. ಅರ್ಥ ಆಗಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಬಯಾಲಜಿ ಮೇಷ್ಟ್ರು:

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀಯ ಕಣಮ್ಮ. ಮೊದಲು ಆ ಸಂಕೇತ ಏನು ಅಂತ ಗಟ್ಟಿ ಮಾಡಿಕೊಳ್ಳೋಣ.

ಸುಮ್ಮನಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಪೊರೆಯಲ್ಲಿರುವ ಪಂಪು ಪ್ರತಿ ಸುತ್ತಿಗೆ 3 ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತಲೇ ಇರುತ್ತದೆ. ಹಾಗೆ ಒಳಗೆ ತುಂಬಿಕೊಂಡ ಪೊಟ್ಯಾಸಿಯಂ ಸ್ವಲ್ಪ ಸ್ವಲ್ಪವೇ ಹೊರಗೆ ಸೋರುತ್ತದೆ. ಇವೆರಡರಿಂದ ಆ 70 ಮಿಲಿವೋಲ್ಟ್ ನಿಲ್ಲುತ್ತದೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ಬಳಸಿಕೊಳ್ಳುವುದಕ್ಕೆ ಈ ಪಂಪಿನ ಖರ್ಚು ಒಂದು ದೊಡ್ಡ ಕಾರಣ. ಬೇರೆ ಕೋಶಗಳ ಪ್ರಚೋದನೆ ಸೇರಿಸೇರಿ ವೋಲ್ಟೇಜು ಮೈನಸ್ 55ರ ಆಸುಪಾಸಿಗೆ ಏರಿತು ಅಂದರೆ ಸೋಡಿಯಂ ದಾರಿಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ, ವೋಲ್ಟೇಜು ಒಮ್ಮೆಲೇ ಪ್ಲಸ್ 30ರ ಹತ್ತಿರ ಹಾರುತ್ತದೆ, ಆಮೇಲೆ ಪೊಟ್ಯಾಸಿಯಂ ಹೊರಗೆ ಹರಿದು ಕೆಳಗೆ ಇಳಿಯುತ್ತದೆ. ಎಲ್ಲಾ ಮುಗಿಯುವುದಕ್ಕೆ ಒಂದೆರಡು ಮಿಲಿಸೆಕೆಂಡು ಸಾಕು. ಇದನ್ನೇ ಸಿಡಿತ ಎನ್ನೋಣ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಇದರ ಲೆಕ್ಕ ಬಿಡಿಸಿ 1952ರಲ್ಲಿ ಪ್ರಕಟಿಸಿದರು. ಅವರು ಹಿಡಿದದ್ದು ಸ್ಕ್ವಿಡ್ ಎಂಬ ಕಡಲ ಜೀವಿಯ ದೈತ್ಯ ಆಕ್ಸಾನ್, ಅಂದರೆ ನರಕೋಶದಿಂದ ಸಂಕೇತ ಹೊತ್ತೊಯ್ಯುವ ಉದ್ದನೆಯ ತಂತು. ಅದರ ದಪ್ಪ 1 ಮಿಲಿಮೀಟರ್‌ವರೆಗೂ ಇರುವುದರಿಂದ ಒಳಗೇ ತಂತಿ ತೂರಿಸಿ ಅಳೆಯಲು ಆಯಿತು.

ಈಗ ನಿನ್ನ ಪ್ರಶ್ನೆ. ಆ ಒಂದು ಸಿಡಿತದಲ್ಲಿ "ನಾನು ಬೆಳಕು" ಅಂತ ಏನೂ ಬರೆದಿಲ್ಲ. ಯಾವ ತಂತುವಿನಲ್ಲಿ ಬಂತು, ಎಲ್ಲಿಗೆ ಹೋಯಿತು ಅನ್ನುವುದೇ ಅರ್ಥ. ಕಣ್ಣು ಮುಚ್ಚಿ ರೆಪ್ಪೆಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬೆಳಕಿನ ಮಚ್ಚೆ ಕಾಣುತ್ತದೆ ಅಲ್ವಾ? ಅಲ್ಲಿ ಬೆಳಕೇ ಇಲ್ಲ, ಇರುವುದು ಒತ್ತಡ. ಆದರೆ ಆ ತಂತು ಹೋಗಿ ಸೇರುವುದು ನೋಡುವ ಭಾಗಕ್ಕೆ, ಹಾಗಾಗಿ ಮಿದುಳು ಅದನ್ನು ಬೆಳಕು ಅಂತಲೇ ಓದುತ್ತದೆ. ಎಷ್ಟು ಜೋರು ಅನ್ನುವುದು ಗೊತ್ತಾಗುವುದು ಸಿಡಿತದ ಗಾತ್ರದಿಂದ ಅಲ್ಲ, ಸೆಕೆಂಡಿಗೆ ಎಷ್ಟು ಸಲ ಬಂತು ಅನ್ನುವುದರಿಂದ. ಇದನ್ನು 1926ರಲ್ಲಿ ಎಡ್ಗರ್ ಏಡ್ರಿಯನ್ ಮತ್ತು ಜೊತೆಗಾರರು ಒಂಟಿ ನರತಂತುಗಳಲ್ಲಿ ಅಳೆದು ತೋರಿಸಿದರು.

ಕೋಡ್ ಬರೆಯೋನು:

ಮೇಷ್ಟ್ರೇ, ಸಿಡಿತ ಇದೆ ಅಥವಾ ಇಲ್ಲ ಅಂದರೆ ಇದು ಸೊನ್ನೆ ಮತ್ತು ಒಂದು, ನಮ್ಮ ಕೆಲಸಕ್ಕೆ ಬಹಳ ಹತ್ತಿರ. ಆದರೆ ಒಂದು ವಿನ್ಯಾಸ ನನಗೆ ಅರ್ಥ ಆಗುವುದಿಲ್ಲ. ಇಷ್ಟು ವೇಗವಾಗಿ ವಿದ್ಯುತ್ತಾಗಿ ಓಡಿ ಬಂದ ಸಂಕೇತ ತುದಿಯಲ್ಲಿ ನಿಂತು ರಾಸಾಯನಿಕವಾಗಿ ಬದಲಾಗಿ, ಒಂದು ಸಂದು ದಾಟಿ, ಆ ಕಡೆ ಮತ್ತೆ ವಿದ್ಯುತ್ತಾಗುವುದು ಯಾಕೆ? ಎಲ್ಲಾ ಕೋಶಗಳನ್ನೂ ನೇರವಾಗಿ ಒಂದಕ್ಕೊಂದು ಅಂಟಿಸಿದ್ದರೆ ಸಮಯ ಉಳಿಯುತ್ತಿತ್ತು.

ಬಯಾಲಜಿ ಮೇಷ್ಟ್ರು:

ಅಂಟಿಸಿಯೇ ಇದೆ ಅಂತ ಗಟ್ಟಿಯಾಗಿ ನಂಬಿದ್ದವರು ಕಮಿಲ್ಲೊ ಗಾಲ್ಜಿ. ನರಕೋಶ ಪೂರ್ತಿ ಕಾಣುವಂತೆ ಬಣ್ಣ ಹಾಕುವ ವಿಧಾನ ಕಂಡುಹಿಡಿದವರೂ ಅವರೇ, 1873ರಲ್ಲಿ. ಅವರದೇ ಬಣ್ಣ ಬಳಸಿ ಸ್ಪೇನಿನ ರಮೋನ್ ಇ ಕಹಾಲ್ ಪ್ರತಿ ಕೋಶವೂ ಬೇರೆ ಬೇರೆ ಎಂದು ತೋರಿಸಿದರು. 1906ರ ನೊಬೆಲ್ ಬಹುಮಾನ ಇಬ್ಬರಿಗೂ ಹಂಚಿ ಬಂತು, ಆ ವೇದಿಕೆಯಲ್ಲೂ ಗಾಲ್ಜಿ ತಮ್ಮ ವಾದ ಬಿಡಲಿಲ್ಲ. ಆ ಸಂದಿಗೆ ಸಿನಾಪ್ಸ್ ಎಂಬ ಹೆಸರು ಅಷ್ಟರಲ್ಲಾಗಲೇ, 1897ರಲ್ಲಿ, ಬಂದಾಗಿತ್ತು.

ಸಂದು ದಾಟುವುದು ರಾಸಾಯನಿಕ ಎನ್ನುವುದನ್ನು ಒಟ್ಟೊ ಲೋವಿ 1921ರಲ್ಲಿ ತೋರಿಸಿದ ಬಗೆ ಎಷ್ಟು ಸಲ ಪಾಠ ಮಾಡಿದರೂ ನನಗೆ ಸಾಕಾಗುವುದಿಲ್ಲ. ಎರಡು ಕಪ್ಪೆಗಳ ಹೃದಯ ತೆಗೆದರು. ಎರಡೂ ದ್ರವದಲ್ಲಿ ಬಡಿಯುತ್ತಿದ್ದವು. ಒಂದಕ್ಕೆ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಇನ್ನೂ ಅಂಟಿಕೊಂಡಿತ್ತು. ಆ ನರಕ್ಕೆ ವಿದ್ಯುತ್ ಕೊಟ್ಟರೆ ಬಡಿತ ನಿಧಾನ ಆಯಿತು. ಆ ಹೃದಯದ ಸುತ್ತ ಇದ್ದ ದ್ರವವನ್ನು ತೆಗೆದು ನರವೇ ಇಲ್ಲದ ಎರಡನೇ ಹೃದಯಕ್ಕೆ ಹಾಕಿದರೆ, ಅದೂ ನಿಧಾನ ಆಯಿತು! ಅಂದರೆ ನರ ಏನನ್ನೋ ಸುರಿಸಿದೆ. ಆ ಏನೋ ಆಮೇಲೆ ಅಸಿಟೈಲ್‌ಕೋಲಿನ್ ಎಂದು ಗೊತ್ತಾಯಿತು.

ಹೊಸಓದು, ಇಲ್ಲೇ ನಿನ್ನ ಎರಡನೇ ಪ್ರಶ್ನೆಗೂ ಉತ್ತರ ಇದೆ, ಗಮನ ಕೊಡು. ಹೃದಯವನ್ನು ನಿಧಾನ ಮಾಡುವ ಅದೇ ಅಸಿಟೈಲ್‌ಕೋಲಿನ್ ನಿನ್ನ ಕೈಯ ಸ್ನಾಯುವಿನ ಮೇಲೆ ಬಿದ್ದರೆ ಸ್ನಾಯು ಬಿಗಿಯುತ್ತದೆ. ಅಣು ಒಂದೇ. ಆದರೆ ಅದು ಬಂದು ಕೂರುವ ಪ್ರೋಟೀನು, ಅಂದರೆ ಗ್ರಾಹಕ, ಹೃದಯದಲ್ಲಿ ಬೇರೆ, ಸ್ನಾಯುವಿನಲ್ಲಿ ಬೇರೆ. "ಅಸಿಟೈಲ್‌ಕೋಲಿನ್ ಏನು ಮಾಡುತ್ತದೆ" ಎಂದು ಕೇಳಿದರೆ ಉತ್ತರ ಇಲ್ಲ. "ಎಲ್ಲಿ, ಯಾವ ಗ್ರಾಹಕದ ಮೇಲೆ" ಎಂದು ಸೇರಿಸಿದರೆ ಮಾತ್ರ ಉತ್ತರ ಹೇಳಬಹುದು. ಡೋಪಮಿನ್‌ಗೂ ಸೆರೊಟೋನಿನ್‌ಗೂ ಇದೇ ಮಾತು.

ಕೋಡ್ ಬರೆಯೋರೇ, ನೀವು ಹೇಳಿದ ಹಾಗೆ ನೇರವಾಗಿ ಅಂಟಿಸಿದ ಜೋಡಣೆಗಳೂ ಇವೆ. ಸೀಗಡಿಯಂಥ ಕ್ರೇಫಿಶ್ ಅಪಾಯ ಕಂಡು ಬಾಲ ಬಡಿದು ಹಾರುವ ಹಾದಿಯಲ್ಲಿ ಅಂಥ ವಿದ್ಯುತ್ ಸಿನಾಪ್ಸ್ ಇದೆ, ನಮ್ಮ ಮಿದುಳಿನಲ್ಲೂ ಇವೆ. ವೇಗ ನಿಜ. ಆದರೆ ಅಲ್ಲಿ ಬಂದ ಸಂಕೇತ ಬಹುಮಟ್ಟಿಗೆ ಬಂದ ಹಾಗೇ ದಾಟುತ್ತದೆ. ರಾಸಾಯನಿಕ ಸಿನಾಪ್ಸ್‌ನಲ್ಲಿ ಸುಮಾರು ಅರ್ಧ ಮಿಲಿಸೆಕೆಂಡು ತಡವಾಗುತ್ತದೆ, ಅದಕ್ಕೆ ಪ್ರತಿಯಾಗಿ ಬಹಳ ಸಿಗುತ್ತದೆ. ಬಂದದ್ದನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಬಹುದು, "ಸಿಡಿ" ಎಂಬುದನ್ನು "ಸಿಡಿಯಬೇಡ" ಎಂದು ತಿರುಗಿಸಬಹುದು, ಅನುಭವದ ಮೇಲೆ ಬದಲಿಸಿಕೊಳ್ಳಬಹುದು. ತುದಿಗೆ ಸಿಡಿತ ಮುಟ್ಟಿದಾಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ಪೊರೆಗೆ ಕೂಡಿಕೊಂಡು ಒಡೆಯುತ್ತವೆ. ಸಂದಿನ ಅಗಲ ಸುಮಾರು 20 ನ್ಯಾನೋಮೀಟರ್ ಮಾತ್ರ. ಎಷ್ಟು ಚೀಲ ಒಡೆಯಬೇಕು ಅನ್ನುವುದೇ ಹೆಚ್ಚುಕಮ್ಮಿ ಆಗುತ್ತಾ ಇರುತ್ತದೆ. ಹಾಗಾಗಿ ಸೊನ್ನೆ-ಒಂದು ಎನ್ನುವುದು ಆಕ್ಸಾನ್‌ಗೆ ಸರಿ ಹೋದರೂ ಸಿನಾಪ್ಸ್‌ಗೆ ಸರಿಹೋಗುವುದಿಲ್ಲ.

ಫಿಸಿಯೋ ಅಕ್ಕ:

"ಸಿಡಿಯಬೇಡ" ಅನ್ನುವ ಮಾತು ಬಂತಲ್ಲ, ಅದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮೊಣಕಾಲಿನ ಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ಮುಂದಕ್ಕೆ ಚಿಮ್ಮುತ್ತದೆ. ತೊಡೆಯ ಮುಂದಿನ ಸ್ನಾಯು ಎಳೆದದ್ದನ್ನು ಹೇಳುವ ನರ ಬೆನ್ನುಹುರಿಗೆ ಬಂದು, ಒಂದೇ ಸಿನಾಪ್ಸ್ ದಾಟಿ, ಅದೇ ಸ್ನಾಯುವಿಗೆ "ಬಿಗಿ" ಎಂದು ಹೇಳುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅದೇ ನರದ ಇನ್ನೊಂದು ಕವಲು ನಡುವೆ ಇರುವ ಒಂದು ಕೋಶವನ್ನು ಎಬ್ಬಿಸುತ್ತದೆ, ಆ ಕೋಶ ತೊಡೆಯ ಹಿಂದಿನ ಸ್ನಾಯುವಿನ ನರವನ್ನು ಸುಮ್ಮನಿರಿಸುತ್ತದೆ. ಹಿಂದಿನ ಸ್ನಾಯು ಸಡಿಲವಾಗದಿದ್ದರೆ ಮುಂದಿನದು ಎಷ್ಟು ಬಿಗಿದರೂ ಕಾಲು ಸರಿಯಾಗಿ ಚಿಮ್ಮುವುದಿಲ್ಲ.

ಪಾರ್ಶ್ವವಾಯು ಆದವರಲ್ಲಿ ಕೈ ಮಡಚಿಕೊಂಡು ಬಿಗಿಯಾಗುವುದನ್ನು ನೋಡಿರಬಹುದು. ಕೈ ಶಕ್ತಿ ಕಳೆದುಕೊಂಡಿದೆ, ಆದರೆ ಬಿಗಿಯೂ ಇದೆ, ಎರಡೂ ಒಟ್ಟಿಗೆ ಹೇಗೆ ಎಂದು ಮನೆಯವರು ಕೇಳುತ್ತಾರೆ. ಮಿದುಳಿನಿಂದ ಬೆನ್ನುಹುರಿಗೆ ಬರುತ್ತಿದ್ದ ಹಿಡಿತ ತಪ್ಪಿದಾಗ ಕೆಳಗಿನ ಪ್ರತಿವರ್ತನೆಗಳು ಜಾಸ್ತಿ ಆಗುತ್ತವೆ. ಅವರು ಬೇಕೆಂದು ಬಿಗಿ ಹಿಡಿದಿರುವುದಿಲ್ಲ, ದಯವಿಟ್ಟು ಬೈಯಬೇಡಿ, ಜೋರಾಗಿ ಎಳೆಯಲೂ ಬೇಡಿ. ದಿಢೀರ್ ಎಳೆದರೆ ಪ್ರತಿವರ್ತನೆ ಇನ್ನೂ ಜೋರಾಗುತ್ತದೆ.

ಇನ್ನೊಂದು. ಬಿಸಿ ತಾಗಿದಾಗ ಮೊದಲು ಚುರುಕ್ ಅನ್ನುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಉರಿ ಏಳುತ್ತದೆ. ಅದು ಎರಡು ಥರದ ನರತಂತು. ಮಯೆಲಿನ್ ಹೊದಿಕೆ ಇರುವ ತೆಳು ತಂತು ಬೇಗ ತಲುಪಿಸುತ್ತದೆ, ಹೊದಿಕೆ ಇಲ್ಲದ್ದು ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಬರುತ್ತದೆ. ದಪ್ಪ ಹೊದಿಕೆಯ ತಂತುಗಳಲ್ಲಿ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆಯಲ್ಲಿ ಹಾಳಾಗುವುದು ಈ ಹೊದಿಕೆಯೇ.

ರಾತ್ರಿಪಾಳಿ:

ಎಲ್ಲರಿಗೂ ವಂದನೆ, ಬಹಳ ಚೆನ್ನಾಗಿ ಬರೆಯುತ್ತಿದ್ದೀರಿ. ನನ್ನದು ಡೋಪಮಿನ್ ಬಗ್ಗೆ. ರಾತ್ರಿ ಕೆಲಸದಲ್ಲಿ ಫೋನು ಕೈಯಿಂದ ಬಿಡುವುದೇ ಆಗುವುದಿಲ್ಲ. ನೋಡಿ ಖುಷಿ ಏನೂ ಆಗುವುದಿಲ್ಲ, ಆದರೂ ಬೆರಳು ತಳ್ಳುತ್ತಲೇ ಇರುತ್ತದೆ. ಡೋಪಮಿನ್ ಖುಷಿ ಕೊಡುವ ರಾಸಾಯನಿಕ ಅಂದರೆ, ಖುಷಿ ಇಲ್ಲದೆಯೂ ಯಾಕೆ ಹೀಗೆ? "ಡೋಪಮಿನ್ ಉಪವಾಸ" ಮಾಡಿ ಎಂದು ಹೇಳುತ್ತಾರಲ್ಲ, ಅದರಿಂದ ಸರಿಹೋಗುತ್ತದಾ?

ನರ_ಓದುಗ:

ರಾತ್ರಿಪಾಳಿಯವರೇ, ನೀವು ಹೇಳಿದ "ಖುಷಿ ಇಲ್ಲ, ಆದರೂ ಬಿಡಲು ಆಗುವುದಿಲ್ಲ" ಎನ್ನುವುದನ್ನು ಪ್ರಯೋಗಾಲಯದಲ್ಲೇ ಬೇರ್ಪಡಿಸಿ ನೋಡಿದ್ದಾರೆ. ಕೆಂಟ್ ಬೆರಿಡ್ಜ್ ಮತ್ತು ಅವರ ಜೊತೆಗಾರರು ಇಲಿಗಳ ಮಿದುಳಿನಲ್ಲಿ ಡೋಪಮಿನ್ ಬಹುತೇಕ ಇಲ್ಲದಂತೆ ಮಾಡಿದರು. ಆ ಇಲಿಗಳು ತಾವಾಗಿ ಊಟದ ಹತ್ತಿರ ಹೋಗುತ್ತಿರಲಿಲ್ಲ. ಆದರೆ ಬಾಯಿಗೆ ಸಿಹಿ ಹಾಕಿದರೆ ಮುಖದಲ್ಲಿ ಇಷ್ಟದ ಚಹರೆ, ತುಟಿ ನೆಕ್ಕುವುದು, ಎಲ್ಲಾ ಮೊದಲಿನ ಹಾಗೇ ಇತ್ತು. ರುಚಿಯ ಸುಖ ಉಳಿದಿದೆ, ಬೇಕೆಂದು ಎದ್ದು ಹೋಗುವ ತುಡಿತ ಹೋಗಿದೆ. ಡೋಪಮಿನ್ ಜಾಸ್ತಿ ಸಂಬಂಧಪಟ್ಟಿರುವುದು ಈ ತುಡಿತಕ್ಕೆ.

ಇನ್ನೊಂದು ಮುಖ್ಯವಾದದ್ದು ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಕಂಡದ್ದು. ಜ್ಯೂಸ್ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮಿನ್ ಕೋಶಗಳು ಸಿಡಿದವು. ಒಂದು ದೀಪ ಹತ್ತಿದ ಮೇಲೆ ಜ್ಯೂಸ್ ಬರುತ್ತದೆ ಎಂದು ಕೋತಿ ಕಲಿತ ನಂತರ, ಸಿಡಿತ ದೀಪದ ಹೊತ್ತಿಗೇ ಬಂತು, ಜ್ಯೂಸ್ ಬಂದಾಗ ಏನೂ ಇಲ್ಲ. ದೀಪ ಹತ್ತಿ ಜ್ಯೂಸ್ ಬರದೇ ಹೋದರೆ, ಬರಬೇಕಿದ್ದ ಆ ಕ್ಷಣಕ್ಕೆ ಸಿಡಿತ ಮಾಮೂಲಿಗಿಂತಲೂ ಕಡಿಮೆ ಆಯಿತು. ಅಂದರೆ ಆ ಕೋಶಗಳು ಹೇಳುತ್ತಿರುವುದು ಅಂದುಕೊಂಡದ್ದಕ್ಕಿಂತ ಎಷ್ಟು ಹೆಚ್ಚು ಸಿಕ್ಕಿತು, ಎಷ್ಟು ಕಡಿಮೆ ಸಿಕ್ಕಿತು ಅನ್ನುವುದನ್ನು. ಕಲಿಯುವುದಕ್ಕೆ ಇದು ಬೇಕೇ ಬೇಕು. ಮುಂದಿನ ವಿಡಿಯೋ ಚೆನ್ನಾಗಿರುತ್ತದೋ ಇಲ್ಲವೋ ಮೊದಲೇ ಗೊತ್ತಿಲ್ಲದಿರುವ ಕಡೆ ಬೆರಳು ನಿಲ್ಲದಿರುವುದಕ್ಕೆ ಇದರ ನಂಟು ಇದೆ ಎಂದು ನನ್ನ ಅಭಿಪ್ರಾಯ.

ಇದೇ ಡೋಪಮಿನ್ ಮಿದುಳಿನ ಇನ್ನೊಂದು ಹಾದಿಯಲ್ಲಿ ಚಲನೆಯನ್ನು ನೋಡಿಕೊಳ್ಳುತ್ತದೆ. 1950ರ ದಶಕದ ಕೊನೆಯಲ್ಲಿ ಅರ್ವಿಡ್ ಕಾರ್ಲ್ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು, ಸರ್ಪಗಂಧದಿಂದ ತೆಗೆದ ಔಷಧಿ ಅದು. ಮೊಲಗಳು ಅಲುಗಾಡದೆ ಬಿದ್ದವು. ಡೋಪಮಿನ್ ತಯಾರಾಗಲು ಬೇಕಾದ ಎಲ್-ಡೋಪಾ ಕೊಟ್ಟಾಗ ಎದ್ದು ಓಡಾಡಿದವು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆ ಬೆಳೆದದ್ದು ಇಲ್ಲಿಂದ. ಆ ಕಾಯಿಲೆಯವರ ನಡಿಗೆ, ಕೈನಡುಕ ನೋಡಿದವರು ಡೋಪಮಿನ್ ಅಂದರೆ ಖುಷಿ ಎಂದು ಹೇಗೆ ಹೇಳುತ್ತಾರೆ?

ಉಪವಾಸದ ಮಾತು: ಫೋನು ದೂರ ಇಟ್ಟರೆ ಅಭ್ಯಾಸ ಸಡಿಲವಾಗಬಹುದು, ಖಂಡಿತ ಮಾಡಿ. ಆದರೆ ಮಿದುಳಿನಿಂದ ಡೋಪಮಿನ್ ಖಾಲಿ ಆಗಿ ತೊಳೆದ ಹಾಗೆ ಆಗುತ್ತದೆ ಎನ್ನುವುದು ನಿಜವಲ್ಲ. ಆಗಬಾರದು ಕೂಡ. ಡೋಪಮಿನ್ ತಯಾರಿಸಲಾಗದ ಇಲಿಮರಿಗಳು ಹುಟ್ಟಿದ ಕೆಲವೇ ವಾರಗಳಲ್ಲಿ ತಿನ್ನುವುದನ್ನೇ ಬಿಟ್ಟು ಸಾಯುತ್ತವೆ.

ರಾತ್ರಿಪಾಳಿ:

ಇದು ಹೊಸ ವಿಷಯ ನನಗೆ. ಕಾಫಿ ಕುಡಿದು ಎಚ್ಚರ ಇರುವುದೂ ಇದೇ ಥರವಾ?

ನರ_ಓದುಗ:

ಅದು ಬೇರೆ ಗ್ರಾಹಕ. ಎಚ್ಚರ ಇದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬುದು ಏರುತ್ತಾ ಹೋಗುತ್ತದೆ, ಅದು ತನ್ನ ಗ್ರಾಹಕದ ಮೇಲೆ ಕೂತು ನಿದ್ದೆ ತರಿಸುತ್ತದೆ. ಕೆಫೀನ್ ಆ ಗ್ರಾಹಕದ ಜಾಗ ಹಿಡಿದುಕೊಳ್ಳುತ್ತದೆ, ಆದರೆ ಅದನ್ನು ಚಾಲೂ ಮಾಡುವುದಿಲ್ಲ. ಅಡೆನೊಸಿನ್ ಎಲ್ಲೂ ಹೋಗಿರುವುದಿಲ್ಲ, ಕೆಫೀನ್ ಇಳಿದಾಗ ತೂಕಡಿಕೆ ಒಟ್ಟಿಗೆ ಬರುವುದು ಅದಕ್ಕೇ. ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಪಾಳಿ ಮುಗಿಯುವ ಹೊತ್ತಿಗೆ ಕುಡಿಯಬೇಡಿ.

ಕೋಡ್ ಬರೆಯೋನು:

ಹಾಗಾದರೆ ಮುಖ್ಯವಾದದ್ದು ಜೋಡಣೆಯ ನಕ್ಷೆ. ಯಾವ ಕೋಶ ಯಾವುದಕ್ಕೆ ಕೂಡಿದೆ ಎನ್ನುವುದು ಪೂರ್ತಿ ಸಿಕ್ಕಿಬಿಟ್ಟರೆ ಪ್ರಾಣಿ ಮುಂದೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕಬಹುದು ಅಲ್ವಾ? ಮನುಷ್ಯನ 8,600 ಕೋಟಿ ನರಕೋಶ ಬೇಡ, ಚಿಕ್ಕ ಪ್ರಾಣಿ ಸಾಕು.

ನರ_ಓದುಗ:

ಚಿಕ್ಕದು ಸಿಕ್ಕಿ ಬಹಳ ವರ್ಷ ಆಯಿತು. ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ 302 ನರಕೋಶ. ಅದರ ನಕ್ಷೆ 1986ರಲ್ಲೇ ಬಂತು. 2024ರಲ್ಲಿ ಹಣ್ಣಿನ ನೊಣದ ಇಡೀ ಮಿದುಳಿನದೂ ಬಂತು, ಸುಮಾರು 1,39,000 ಕೋಶ. ದೊಡ್ಡ ಕೆಲಸ, ಎರಡನೇ ಮಾತಿಲ್ಲ. ಆದರೂ 302 ಕೋಶದ ಹುಳ ಮುಂದಿನ ಕ್ಷಣ ಏನು ಮಾಡುತ್ತದೆ ಎಂದು ನಕ್ಷೆಯೊಂದರಿಂದಲೇ ಹೇಳಲು ಆಗುವುದಿಲ್ಲ.

ಯಾಕೆ ಎಂದು ನನಗೆ ಮನದಟ್ಟು ಮಾಡಿಸಿದ್ದು ಏಡಿಯ ಹೊಟ್ಟೆ. ಏಡಿ, ಲಾಬ್‌ಸ್ಟರ್‌ಗಳ ಹೊಟ್ಟೆಯೊಳಗೇ ಹಲ್ಲಿನಂಥದ್ದು ಇರುತ್ತದೆ, ಅದನ್ನು ಆಡಿಸುವ ಸುಮಾರು 30 ನರಕೋಶದ ಒಂದು ಗಂಟು ಇದೆ. ಈವ್ ಮಾರ್ಡರ್ ದಶಕಗಳ ಕಾಲ ಅದನ್ನೇ ಅಭ್ಯಾಸ ಮಾಡಿದ್ದಾರೆ. ಜೋಡಣೆ ಗೊತ್ತು. ಆದರೆ ಅದರ ಮೇಲೆ ಒಂದು ರಾಸಾಯನಿಕ ಹಾಕಿದರೆ ಒಂದು ಲಯ, ಇನ್ನೊಂದು ಹಾಕಿದರೆ ಇನ್ನೊಂದು ಲಯ. ಒಂದು ಗುಂಪಿನ ಲಯಕ್ಕೆ ಸಿಡಿಯುತ್ತಿದ್ದ ಕೋಶ ಇನ್ನೊಂದು ಗುಂಪಿಗೆ ಹೋಗಿ ಸೇರಿಕೊಳ್ಳುವುದೂ ಉಂಟು. ತಂತಿ ಒಂದೂ ಬದಲಾಗಿಲ್ಲ, ನಡವಳಿಕೆ ಬದಲಾಗಿದೆ. ಇಂಥ ಹೊತ್ತಿನಲ್ಲಿ ರಾಸಾಯನಿಕಗಳು ಒಬ್ಬರಿಂದ ಇನ್ನೊಬ್ಬರಿಗೆ ಸುದ್ದಿ ದಾಟಿಸುವುದಿಲ್ಲ, ಇಡೀ ಗುಂಪಿನ ಸ್ಥಿತಿಯನ್ನೇ ಬದಲಿಸುತ್ತವೆ. ಹಸಿವು, ಭಯ, ನಿದ್ದೆ, ಇವನ್ನು ನಾನು ಹೀಗೇ ಅರ್ಥ ಮಾಡಿಕೊಳ್ಳುತ್ತೇನೆ.

ಹಸಿವಿನದೇ ಒಂದು ಉದಾಹರಣೆ. ಇಲಿಯ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗದಲ್ಲಿ ಎಜಿಆರ್‌ಪಿ ಎಂಬ ಹೆಸರಿನ ಕೆಲವು ಸಾವಿರ ಕೋಶಗಳಿವೆ. ಪಾಚಿಯಿಂದ ತಂದ, ಬೆಳಕಿಗೆ ತೆರೆದುಕೊಳ್ಳುವ ಪ್ರೋಟೀನನ್ನು ಆ ಕೋಶಗಳಲ್ಲಿ ಇರಿಸಿ, ಬೆಳಕು ಬಿಟ್ಟರು. ಹೊಟ್ಟೆ ತುಂಬಿದ್ದ ಇಲಿ ಕೆಲವೇ ನಿಮಿಷದಲ್ಲಿ ಹಸಿದ ಹಾಗೆ ತಿನ್ನಲು ಶುರು ಮಾಡಿತು. 2011ರ ಪ್ರಯೋಗ ಇದು.

ಹೊಸಓದು:

ಸರ್, ಅಕ್ಕ, ಎಲ್ಲರಿಗೂ ಥ್ಯಾಂಕ್ಸ್. ಒಂದು ಉಳಿದಿದೆ. ಸಿನಾಪ್ಸ್ ಅನುಭವದ ಮೇಲೆ ಬದಲಾಗುತ್ತದೆ ಎಂದು ಮೇಷ್ಟ್ರು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋದರು. ಅದು ಕಣ್ಣಿಗೆ ಕಾಣುವಂಥ ಬದಲಾವಣೆಯಾ?

ಬಯಾಲಜಿ ಮೇಷ್ಟ್ರು:

ಕಾಣುತ್ತದೆ. ಎರಿಕ್ ಕ್ಯಾಂಡೆಲ್ ಅಪ್ಲಿಸಿಯಾ ಎಂಬ ಕಡಲ ಜೀವಿಯನ್ನು ಹಿಡಿದು ಕೂತರು. ಚಿಪ್ಪಿಲ್ಲದ ದೊಡ್ಡ ಬಸವನಹುಳು ಥರ ಇರುತ್ತದೆ, ನರಕೋಶ ಸುಮಾರು 20,000, ಅದೂ ದೊಡ್ಡ ದೊಡ್ಡವು. ಅದರ ಕೊಳವೆ ಮುಟ್ಟಿದರೆ ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಸುಮ್ನೆ ಮುಟ್ಟುತ್ತಾ ಇದ್ದರೆ ಎಳೆದುಕೊಳ್ಳುವುದು ಕಡಿಮೆ ಆಗುತ್ತದೆ, ಏಕೆಂದರೆ ಆ ಸಿನಾಪ್ಸ್‌ನಲ್ಲಿ ಸುರಿಯುವ ರಾಸಾಯನಿಕ ಕಡಿಮೆ ಆಗಿದೆ. ಬಾಲಕ್ಕೆ ಶಾಕ್ ಕೊಟ್ಟರೆ ಸೆರೊಟೋನಿನ್ ಬಂದು ಅದೇ ಸಿನಾಪ್ಸ್‌ನಲ್ಲಿ ಸುರಿಯುವುದನ್ನು ಜಾಸ್ತಿ ಮಾಡುತ್ತದೆ, ಹಗುರ ಮುಟ್ಟಿದರೂ ಗಾಬರಿಯಾಗುತ್ತದೆ. ಬಿಟ್ಟು ಬಿಟ್ಟು ಹಲವು ಸಲ ಹೀಗೆ ಮಾಡಿದರೆ ಹೊಸ ಪ್ರೋಟೀನು ತಯಾರಾಗಿ ಹೊಸ ಸಿನಾಪ್ಸ್‌ಗಳೇ ಬೆಳೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದು. 2000ದ ನೊಬೆಲ್ ಬಹುಮಾನ ಕ್ಯಾಂಡೆಲ್, ಮೇಲೆ ಹೇಳಿದ ಕಾರ್ಲ್ಸನ್ ಮತ್ತು ಪಾಲ್ ಗ್ರೀನ್‌ಗಾರ್ಡ್ ಮೂವರಿಗೂ ಬಂತು.

ಗಮನಿಸಿದೆಯಾ, ನೆಮ್ಮದಿ ಎಂದು ವಿಡಿಯೋದವರು ಹೇಳಿದ ಸೆರೊಟೋನಿನ್ ಇಲ್ಲಿ ಗಾಬರಿಯನ್ನು ಕಲಿಸುತ್ತಿದೆ.

ಹೆಸರು ಬೇಡ:

ಓದುತ್ತಾ ಸೆರೊಟೋನಿನ್ ಎಂದು ಕಂಡು ಬರೆಯುತ್ತಿದ್ದೇನೆ. ಖಿನ್ನತೆಗೆ ವೈದ್ಯರು ಎಸ್‌ಎಸ್‌ಆರ್‌ಐ ಮಾತ್ರೆ ಕೊಟ್ಟಿದ್ದಾರೆ. ಶುರು ಮಾಡಿ ಸ್ವಲ್ಪ ದಿನ ಆಯಿತು. ಮನಸ್ಸಿಗೆ ಏನೂ ವ್ಯತ್ಯಾಸ ಗೊತ್ತಾಗುತ್ತಿಲ್ಲ, ಹೊಟ್ಟೆ ಮಾತ್ರ ತೊಳಸುತ್ತದೆ. ಮನೆಯಲ್ಲಿ ನಿಲ್ಲಿಸಿಬಿಡು ಎನ್ನುತ್ತಿದ್ದಾರೆ. ಮಾತ್ರೆ ಮಿದುಳಿಗೆ ಬದಲು ಹೊಟ್ಟೆಗೆ ಹೋಗುತ್ತಿದೆಯಾ ಅನಿಸುತ್ತದೆ.

ಮನೋವೈದ್ಯೆ:

ಕೇಳಿದ್ದು ಒಳ್ಳೆಯದಾಯಿತು. ನೀವಾಗಿ ನಿಲ್ಲಿಸಬೇಡಿ, ಮಾತ್ರೆ ಕೊಟ್ಟ ವೈದ್ಯರಿಗೆ ಫೋನು ಮಾಡಿ ಇದನ್ನೇ ಹೇಳಿ. ಚಡಪಡಿಕೆ ಜಾಸ್ತಿ ಆದರೆ, ಅಥವಾ ಸಾಯುವ ಯೋಚನೆ ಬಂದರೆ, ಕಾಯಬೇಡಿ, ಅದೇ ದಿನ ಹೇಳಿ. ಮೊದಲ ಕೆಲವು ವಾರ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ನಾವು ಇದನ್ನು ವಿಶೇಷವಾಗಿ ಗಮನಿಸುತ್ತೇವೆ.

ಈ ಮಾತ್ರೆ ಸುರಿದ ಸೆರೊಟೋನಿನ್ ಮತ್ತೆ ಕೋಶದೊಳಗೆ ಹೋಗುವುದನ್ನು ತಡೆಯುತ್ತದೆ. ಆ ತಡೆ ಕೆಲವು ಗಂಟೆಯಲ್ಲೇ ಶುರುವಾಗುತ್ತದೆ, ಆದರೆ ಮನಸ್ಸಿಗೆ ಹಗುರ ಆಗಲು ಸಾಮಾನ್ಯವಾಗಿ 2ರಿಂದ 6 ವಾರ ಹಿಡಿಯುತ್ತದೆ. ಬರೀ ಸೆರೊಟೋನಿನ್ ಕಡಿಮೆ ಆಗಿದ್ದೇ ಕಾಯಿಲೆ ಆಗಿದ್ದರೆ ಮಾರನೇ ದಿನವೇ ಸರಿಹೋಗಬೇಕಿತ್ತು. ಗ್ರಾಹಕಗಳು ಹೊಂದಿಕೊಳ್ಳಬೇಕು, ಸಿನಾಪ್ಸ್‌ಗಳು ನಿಧಾನಕ್ಕೆ ಬದಲಾಗಬೇಕು, ಅದಕ್ಕೆ ಕಾಲ ಬೇಕು.

ಹೊಟ್ಟೆಯ ವಿಷಯದಲ್ಲಿ ನಿಮ್ಮ ಊಹೆ ಅರ್ಧ ಸರಿ. ಮಾತ್ರೆ ಮಿದುಳಿಗೂ ಹೋಗುತ್ತಿದೆ, ಕರುಳಿನಲ್ಲೂ ಕೆಲಸ ಮಾಡುತ್ತಿದೆ. ದೇಹದ ಸೆರೊಟೋನಿನ್‌ನಲ್ಲಿ ಶೇ 90ರಷ್ಟು ಇರುವುದು ಕರುಳಿನಲ್ಲಿ. ಅಲ್ಲಿಯ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ಕರುಳಿನ ಚಲನೆ ನೋಡಿಕೊಳ್ಳುತ್ತದೆ, ಅಲ್ಲಿನ ನರದ ತುದಿಗಳಲ್ಲಿರುವ ಒಂದು ಥರದ ಗ್ರಾಹಕವನ್ನು ತಟ್ಟಿದರೆ ವಾಕರಿಕೆ ತರಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಾಂತಿ ತಡೆಯಲು ಕೊಡುವ ಒಂಡಾನ್ಸೆಟ್ರಾನ್ ತಡೆಯುವುದು ಇದೇ ಗ್ರಾಹಕವನ್ನು. ಹೆಚ್ಚಿನವರಿಗೆ ಈ ತೊಳಸುವಿಕೆ ಒಂದೆರಡು ವಾರದಲ್ಲಿ ತಗ್ಗುತ್ತದೆ. ಊಟದ ಜೊತೆ ತೆಗೆದುಕೊಳ್ಳಬಹುದಾ, ಪ್ರಮಾಣ ಸ್ವಲ್ಪ ಕಡಿಮೆ ಮಾಡಿ ನಿಧಾನಕ್ಕೆ ಏರಿಸಬಹುದಾ ಎಂದು ನಿಮ್ಮ ವೈದ್ಯರನ್ನು ಕೇಳಿ. ಮನೆಯವರನ್ನೂ ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೂ ಕೇಳಬೇಕಾದ್ದು ಇರುತ್ತದೆ.

ಹೆಸರು ಬೇಡ:

ನಾಳೆ ಬೆಳಿಗ್ಗೆ ಫೋನು ಮಾಡುತ್ತೇನೆ ಮೇಡಂ. ಅಮ್ಮನಿಗೂ ಇದನ್ನು ಓದಿ ಹೇಳುತ್ತೇನೆ.